ಅರ್ಧ ಡಾಕ್ಟರ ಮೂರನೆಯ ಪ್ರಶ್ನೆ
ಮೂಲೆಯ ಔಷಧದಂಗಡಿಯವನಿಗೆ ಬೀದಿಯವರೆಲ್ಲ ಸೇರಿ ‘ಅರ್ಧ ಡಾಕ್ಟರು’ ಎಂದು ಹೆಸರಿಟ್ಟಿದ್ದರು. ಎದೆಯುರಿ ಎಂದು ಯಾರೇ ಬರಲಿ, ಕನ್ನಡಕವನ್ನು ಹಣೆಗೇರಿಸಿ ವಿಚಾರಣೆಗೇ ಇಳಿದುಬಿಡುತ್ತಿದ್ದ. “ಬಗ್ಗಿದ್ರೆ ಉರಿ ಜಾಸ್ತಿ ಆಗುತ್ತಾ? ಮಲಗಿದ್ರೆ ಹುಳಿನೀರು ಬಾಯಿಗೆ ಬರುತ್ತಾ? ನುಂಗುವಾಗ ತುತ್ತು ಎದೇಲಿ ಸಿಕ್ಕೊಳ್ಳುತ್ತಾ?” ಮೊದಲೆರಡಕ್ಕೆ ಮಾತ್ರ ಹೂಂ ಎಂದರೆ ಮಾತ್ರೆ ಕೊಟ್ಟು, ಉಂಡ ಕೂಡಲೆ ಮಲಗಬೇಡಿ, ತಲೆದೆಸೆ ಎತ್ತರಿಸಿಕೊಳ್ಳಿ ಎಂದು ಪುರಾಣ ಬಿಚ್ಚುತ್ತಿದ್ದ. ಮೂರನೆಯದಕ್ಕೂ ಹೂಂ ಎಂದವರು ಕೈಕಾಲು ಹಿಡಿದರೂ ಒಂದು ಮಾತ್ರೆ ಕೊಟ್ಟವನಲ್ಲ. “ಇದು ನನ್ನ ಕೈಲಾಗೋದಲ್ಲ. ಈಗ್ಲೇ ಆಸ್ಪತ್ರೆಗೆ ಹೋಗಿ, ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡ್ಲಿ. ನಾಳೆ ನೋಡೋಣ ಅನ್ನೋರು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ!” ಎಂದು ಗದರಿ ಅಟ್ಟುತ್ತಿದ್ದ. ಇಷ್ಟೆಲ್ಲ ಹೇಳುವ ಬಾಯಲ್ಲೇ ಎದೆಯುರಿಯ ಒಂದು ಬಿಳಿ ಮಾತ್ರೆ ಸದಾ ಕರಗುತ್ತಿತ್ತು. ಕೇಳಿದರೆ, “ಚಟ ಕಣ್ರೀ” ಎಂದು ನಗುತ್ತಿದ್ದ. ಇತ್ತೀಚೆಗೆ ಮಾತ್ರ ಮಧ್ಯಾಹ್ನ ಷಟರ್ ಅರ್ಧ ಎಳೆದು, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಪ್ರತಿ ತುತ್ತನ್ನೂ ನೀರು ಕುಡಿದು ಕೆಳಕ್ಕೆ ತಳ್ಳಬೇಕಾಗಿತ್ತು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಗಿರಾಕಿಗಳ ಸಾಲಿನಲ್ಲಿ ಅವನ ಹೆಂಡತಿ ನಿಂತಿದ್ದಳು. ಸರದಿ ಬಂದಾಗ ಎಲ್ಲರಿಗೂ ಕೇಳುವಂತೆ, “ನಮ್ಮನೆಯವರಿಗೆ ತುತ್ತು ಎದೇಲಿ ಸಿಕ್ಕೊಳ್ತಿದೆ. ಕೇಳಿದ್ರೆ ಏನಿಲ್ಲ ಅಂತಾರೆ. ಏನ್ ಕೊಡ್ತೀರಿ?” ಎಂದಳು. ಅವನ ಕೈ ರೂಢಿಯಂತೆ ಕನ್ನಡಕವನ್ನು ಹಣೆಗೇರಿಸಿತು. ಗದರಿಕೆ ಮಾತ್ರ ಹೊರಡಲಿಲ್ಲ. “ನಾಳೆ...” ಎಂದ. ಸಾಲಿಗೆ ಸಾಲೇ ಅವನ ಮುಖ ನೋಡಿತು. ಅರ್ಧ ಡಾಕ್ಟರು ಬಾಯಲ್ಲಿದ್ದ ಮಾತ್ರೆಯನ್ನು ಉಗಿದು, ತನ್ನ ಅಂಗಡಿಯ ಮೆಟ್ಟಿಲನ್ನು ತಾನೇ ಇಳಿದ.