ಒಲೆ ಹಚ್ಚದ ಯುಗಾದಿ

ಆ ವರ್ಷದ ಯುಗಾದಿಗೆ ಮನೆಯಲ್ಲಿ ಒಲೆ ಹಚ್ಚಕೂಡದು ಎಂದು ನಮ್ಮ ಮಾವ ಹಠ ಹಿಡಿದರು. ಹೊಸೂರು ಪಕ್ಕದ ಮತ್ತಿಗಿರಿಗೆ ನಾನು ಸೊಸೆಯಾಗಿ ಬಂದ ಮೊದಲ ವರ್ಷ ಅದು. ಒಂದು ಹಬ್ಬದಲ್ಲಾದರೂ ಅತ್ತೆ ಕೂತು, ಬೇರೆಯವರು ಬಡಿಸಿದ್ದನ್ನು ಉಣ್ಣಬೇಕು ಅನ್ನುವುದು ಮಾವನ ಆಸೆ. ಮನೆಯಲ್ಲಿದ್ದರೆ ಅದು ಆಗುವ ಮಾತಲ್ಲ. ಸೊಸೆ ಬಂದರೂ ಅತ್ತೆ ಸೌಟು ಬಿಟ್ಟುಕೊಟ್ಟಿರಲಿಲ್ಲ. ಎಲ್ಲರದೂ ಆದಮೇಲೆ ಅಡುಗೆಮನೆಯ ಮೂಲೆಯಲ್ಲಿ ಮಿಕ್ಕಿದ್ದನ್ನು ಉಣ್ಣುತ್ತಿದ್ದರು. ಹಾಗಾಗಿ ಕೃಷ್ಣಗಿರಿಗೆ ಹೋಗಿ ಹೋಟೆಲಿನಲ್ಲಿ ಹಬ್ಬದೂಟ ಮಾಡುವುದೆಂದು ತೀರ್ಮಾನವಾಯಿತು.

ಈಗಿನವರು ನಗಬಹುದು. ನಮಗೆ ಸೂಳಗಿರಿ ದಾಟಿದರೆ ಪರದೇಶವೇ. ಅತ್ತೆಯಂತೂ ಹೊಸೂರು ಸಂತೆಯಿಂದಾಚೆ ಕಾಲಿಟ್ಟವರಲ್ಲ. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ, ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ದಿಣ್ಣೆ ಬಂದಲ್ಲೆಲ್ಲ ನಮ್ಮನ್ನು ಇಳಿಸಿ ನಡೆಸಿದರು. ನನ್ನ ಹೊಸ ಸೀರೆಯೆಲ್ಲ ಮಸಿಯಾಯಿತು, ಆದರೂ ನನಗೆ ಖುಷಿಯೋ ಖುಷಿ. ಸೆರಗಿನ ಗಂಟು ಬಿಚ್ಚಿ ಅತ್ತೆ ದಾರಿಯಲ್ಲೇ ಎಲ್ಲರಿಗೂ ಬೇವುಬೆಲ್ಲ ಕೊಟ್ಟರು.

ಕೃಷ್ಣಗಿರಿಯಲ್ಲಿ ಇಳಿದ ಮೇಲೆ ಮಾವನಿಗೆ ಫಜೀತಿ ಶುರುವಾಯಿತು. ತೆಲುಗಿನವರ ಹೋಟೆಲಿಗೆ ಮಾವಿನೆಲೆ ಕಟ್ಟಿ, ಹಬ್ಬವೆಂದು ಬೀಗ ಹಾಕಿದ್ದರು. ತಮಿಳರ ಹೋಟೆಲು ತೆರೆದಿತ್ತು, ಆದರೆ ಅಲ್ಲಿ ಹಬ್ಬವೇ ಇರಲಿಲ್ಲ. ಅವರ ಹೊಸ ವರ್ಷ ಇನ್ನೂ ಬಂದಿರಲಿಲ್ಲ. ಒಂದು ಕಡೆ ಕಾಫಿ ಬಿಟ್ಟು ಬೇರೇನೂ ಇಲ್ಲ. ಇನ್ನೊಂದು ಕಡೆ, ಒಳಗೆ ಬ್ರಾಹ್ಮಣರು ಕೂರುತ್ತಾರೆ, ನಿಮಗೆ ಹಿತ್ತಲಲ್ಲಿ ಎಲೆ ಹಾಕುತ್ತೇವೆ ಎಂದರು. ಮಾವ ಮೆಟ್ಟು ಮೆಟ್ಟಿಕೊಂಡು ಹೊರಟೇಬಿಟ್ಟರು. ಮತ್ತೊಂದರಲ್ಲಿ ಕೋಳಿಸಾರಿನ ವಾಸನೆ. ಅದು ಮಾರನೆಯ ದಿನಕ್ಕೆ ಸರಿ, ಯುಗಾದಿಯ ದಿನ ಸಲ್ಲದು. ಬಿಸಿಲು ಏರಿತ್ತು. ವಾಪಸು ಹೋಗೋಣವೇ ಎಂದು ನನ್ನ ಗಂಡ ಕೇಳಿದ್ದೇ ತಡ, ಮನೆ ಸೇರಿದರೆ ತಾನು ಗಳಿಗೆಯಲ್ಲಿ ಒಬ್ಬಟ್ಟು ತಟ್ಟುವುದಾಗಿ ಅತ್ತೆ ಹೇಳಿದರು. ಮಾವ ಇಬ್ಬರನ್ನೂ ದುರುಗುಟ್ಟಿ ನೋಡಿದರು.

ಕೊನೆಗೆ ಸಂತೆಮಾಳದ ಹಿಂದೆ ಒಂದು ಹೆಂಚಿನ ಹೋಟೆಲು ಸಿಕ್ಕಿತು. ಚಾಪೆಯ ಮೇಲೆ ಸಾಲಾಗಿ ಕೂರಿಸಿ ಎಲೆ ಹಾಕಿದರು. ಅನ್ನ, ಸಾರು, ಸೋರೆಕಾಯಿ ಪಲ್ಯ, ಮಜ್ಜಿಗೆ, ಅಷ್ಟೆ. ಇವತ್ತು ನಮಗೆ ಹೊಸ ವರ್ಷವೆಂದು ಮಾವ ತಮಗೆ ಬಂದ ತಮಿಳಿನಲ್ಲಿ ಹೇಳಿದಾಗ, ಹೋಟೆಲಿನವನು ನಕ್ಕು, ಒಂದೊಂದು ಎಲೆಗೂ ಬೆಲ್ಲದ ಚೂರು ಹಾಕಿಸಿದ.

ಅನ್ನ ಬಂತು. ಅತ್ತೆ ಎಲೆಗೆ ಕೈ ಅಡ್ಡ ಹಿಡಿದರು.

"ನೀವೆಲ್ಲ ಉಣ್ಣಿ. ನಾನ್ ಆಮ್ಯಾಕೆ ಉಣ್ತೀನಿ."

ಮಾವನೂ ತಮ್ಮ ಎಲೆಗೆ ಕೈ ಅಡ್ಡ ಹಿಡಿದರು. "ನೀನ್ ಇಕ್ಕಿಸ್ಕೊಳ್ಳೋಗಂಟ ನಂಗೂ ಬ್ಯಾಡ ಕಣೇ."

ಬಡಿಸುವವನು ಅನ್ನದ ಪಾತ್ರೆ ಹಿಡಿದು ಇಬ್ಬರ ಮಧ್ಯೆ ಪೆಚ್ಚಾಗಿ ನಿಂತ. ನನಗೆ ಸಿಟ್ಟೇ ಬಂತು. ಗಂಡಹೆಂಡಿರ ಈ ಪಂತದಲ್ಲಿ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು, ಹಿರಿಯರು ಕೈಯಿಡದೆ ನಾನು ಉಣ್ಣುವಂತಿಲ್ಲ. ಆಚೀಚಿನವರೂ ನಮ್ಮನ್ನೇ ನೋಡತೊಡಗಿದರು. ಆ ನಾಚಿಕೆಗೇ ಇರಬೇಕು, ಅತ್ತೆ ಮೆಲ್ಲಗೆ ಕೈ ತೆಗೆದರು. ಹಬೆಯಾಡುವ ಅನ್ನ ಬಿತ್ತು, ಅದರ ಮೇಲೆ ಕುದಿಯುವ ಸಾರು.

ಕಲಸಲು ಹೋದ ಅತ್ತೆ ಚುರ್ ಎಂದು ಬೆರಳು ಎಳೆದುಕೊಂಡರು. ನಾನು ನಕ್ಕೆ. ಅವರೂ ನಕ್ಕು, ಊದಿ ಊದಿ ಒಂದು ತುತ್ತು ಬಾಯಿಗಿಟ್ಟು, ನನ್ನ ಕಡೆ ವಾಲಿ ಕೇಳಿದರು.

"ಎಲೆ ಮ್ಯಾಲೆ ಅನ್ನ ಇಷ್ಟು ಬಿಸಿಯಾಗಿರ್ತದೇನಮ್ಮಿ?"

ಬೆಳಗಿನಿಂದ ಹಠ ಬಿಡದ ಮಾವ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ಆಮೇಲೆ ಬಡಿಸುವವನನ್ನು ಕರೆದು, ಅತ್ತೆಯ ಎಲೆ ತೋರಿಸಿದರು. ಈ ಸಲ ಅತ್ತೆ ಕೈ ಅಡ್ಡ ಹಿಡಿಯಲಿಲ್ಲ.