ಬಸಳೆ ತೋರಿಸಿದ ದಾರಿ

ನಾನು ಚಿಕ್ಕವನಿದ್ದಾಗ ಒಂದು ಇಡೀ ಊರು ತನ್ನ ಬೀದಿಗಳ ಹೆಸರನ್ನೆಲ್ಲ ಅಳಿಸಿ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ನಗಬೇಡಿ, ಅಜ್ಜ ಬಂಡಲ್ ಬಿಡುತ್ತಿಲ್ಲ! ಅದು 1990ನೇ ಇಸವಿ. ನಾವಿದ್ದದ್ದು ಕುವೈತಿನ ಖೈತಾನಿನಲ್ಲಿ. ಒಂದು ಬದಿಗೆ ಕಡಲು, ಉಳಿದ ಕಡೆಯೆಲ್ಲ ಮರಳು. ದ್ವೀಪದ ಹಾಗೆ ಒಂಟಿಯಾದ ಪುಟ್ಟ ದೇಶ. ಆಗಸ್ಟ್ ತಿಂಗಳಲ್ಲಿ ಪಕ್ಕದ ಇರಾಕಿನ ಸೈನ್ಯ ನುಗ್ಗಿತು. ಬೆಳಗಾಗುವಷ್ಟರಲ್ಲಿ ಬೀದಿಯಲ್ಲಿ ಟ್ಯಾಂಕುಗಳು ನಿಂತಿದ್ದವು.

ನಮ್ಮ ಮನೆಯ ಚಿಂತೆ ಮಾತ್ರ ಫ್ರಿಜ್ಜಿನೊಳಗಿತ್ತು. ಹನ್ನೆರಡು ವರ್ಷದ ಅಕ್ಕನಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚದಿದ್ದರೆ ಅವಳು ಉಳಿಯುವುದಿಲ್ಲವೆಂದು ನನಗೂ ಗೊತ್ತಿತ್ತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ನೋಡಿದರೆ ಒಂದೇ ದಿನದ ಮದ್ದು ಉಳಿದಿತ್ತು. ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಜಾಬ್ರಿಯಾ ಎಂಬ ಬಡಾವಣೆಯಿಂದ, ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ನಮ್ಮ ಮಂಗಳೂರಿನ ನರ್ಸ್ ಆಂಟಿಯ ಫೋನ್ ಬಂತು. "ನಿಮ್ಮ ಮಗಳಿಗೇಂತ ಎರಡು ಬಾಟ್ಲಿ ತೆಗೆದಿಟ್ಟಿದ್ದೇನೆ. ಮಧ್ಯಾಹ್ನ ನಾವೆಲ್ಲ ಬಸ್ಸಲ್ಲಿ ಊರಿಗೆ ಹೊರಡ್ತೇವೆ. ಅದಕ್ಕೆ ಮೊದಲೇ ಬನ್ನಿ." ಅವರು ವಿಳಾಸ ಹೇಳಿ ಮುಗಿಸುವಷ್ಟರಲ್ಲಿ ಫೋನ್ ಕಡಿಯಿತು.

ಅಪ್ಪ ಆಫೀಸಿನಲ್ಲಿ ಟೈಪಿಸ್ಟ್. ಕಾಗದದಲ್ಲಿ ಬರೆದದ್ದೆಂದರೆ ಅವರಿಗೆ ವೇದವಾಕ್ಯ. ಬ್ಲಾಕ್, ಬೀದಿ, ಮನೆ ನಂಬರ್ ಎಲ್ಲ ಬರೆದುಕೊಂಡು, ಫ್ಲಾಸ್ಕಿಗೆ ಐಸ್ ತುಂಬಿಸಿದರು. ಮಗು ಜೊತೆಗಿದ್ದರೆ ಸೈನಿಕರು ಹೆಚ್ಚು ತಡೆಯುವುದಿಲ್ಲವೆಂದು ನನ್ನನ್ನೂ ಕಾರಿಗೆ ಹತ್ತಿಸಿದರು.

ದಾರಿಯಲ್ಲಿ ಒಬ್ಬ ಸೈನಿಕ ಕೈ ಅಡ್ಡ ಹಿಡಿದ. ಅವನ ಬೂಟಿಗೆ ಲೇಸೇ ಇರಲಿಲ್ಲ. ಯಾಕೆಂದು ಕೇಳಲು ನಾಲಿಗೆ ತುರಿಸುತ್ತಿತ್ತು, ಅಪ್ಪ ನನ್ನ ತೊಡೆ ಚಿವುಟಿದರು. "ಹಿಂದಿ?" ಎಂದು ಕೇಳಿದ. ಅಲ್ಲಿ ಭಾರತದವರಿಗೆ ಹಾಗೆ ಹೇಳುವುದು. ಅಪ್ಪ ತಲೆಯಾಡಿಸಿದರು. ಅವನು ಫ್ಲಾಸ್ಕಿನೊಳಗೆ ಇಣುಕಿ, ಒಂದು ಐಸ್ ತುಂಡು ಬಾಯಿಗೆ ಹಾಕಿಕೊಂಡು, "ಯಲ್ಲಾ!" ಎಂದು, ಹೊರಡಿ ಎಂಬಂತೆ ಕೈಬೀಸಿದ.

ಜಾಬ್ರಿಯಾದಲ್ಲಿ ನೋಡಿದರೆ ಬೀದಿಯ ಬೋರ್ಡುಗಳೇ ಇಲ್ಲ, ಬರೀ ಕಂಬಗಳು. ಮನೆ ನಂಬರುಗಳ ಮೇಲೆಲ್ಲ ಬಣ್ಣ ಬಳಿದಿತ್ತು.

"ಅಪ್ಪಾ, ಹೆಸರೆಲ್ಲ ಎಲ್ಲಿ ಹೋಯ್ತು?"

"ಇಲ್ಲಿಯವರೇ ತೆಗೆದದ್ದು ಮಗಾ. ಸೈನ್ಯದವರು ಪಟ್ಟಿ ಹಿಡ್ಕೊಂಡು ಜನ ಹುಡುಕ್ತಾರಲ್ಲ, ಅವರಿಗೆ ಮನೆ ಸಿಗಬಾರದೂಂತ."

ಭಲೇ ಉಪಾಯ ಎಂದು ನನಗೆ ಖುಷಿಯಾಯಿತು. ಆದರೆ ಮನೆ ನಮಗೂ ಸಿಗುವುದಿಲ್ಲವಲ್ಲ! ಎಲ್ಲ ಕಟ್ಟಡಗಳೂ ಒಂದೇ ಅಚ್ಚಿನವು. ಕಾರು ನಿಲ್ಲಿಸಿ ಸುತ್ತಿದೆವು, ಬೆವರಿ ನೀರಾದೆವು. ಗಂಟೆ ಹನ್ನೊಂದಾಯಿತು. ಕೊನೆಗೆ ಅಪ್ಪ ಫುಟ್‌ಪಾತಿನಲ್ಲಿ ಕುಳಿತುಬಿಟ್ಟರು. "ಖಲಾಸ್. ಇನ್ನೆಂತ ಮಾಡುವುದು?" ಕೈಯಲ್ಲಿದ್ದ ಕಾಗದವನ್ನು ಮುದ್ದೆ ಮಾಡಿ ಜೇಬಿಗೆ ತುರುಕಿದರು. ನನಗೆ ತುಂಬಾ ಭಯವಾಯಿತು.

ನನ್ನ ಕಣ್ಣೋ, ಸುಮ್ಮನಿರುವ ಜಾತಿಯದ್ದಲ್ಲ. ಮೇಲೆ ಕೆಳಗೆ ನೋಡುತ್ತಿದ್ದಾಗ ಮೂರನೇ ಮಾಳಿಗೆಯ ಬಾಲ್ಕನಿಯಲ್ಲಿ ಹಸಿರು ಕಂಡಿತು. ಹಗ್ಗಕ್ಕೆ ಹಬ್ಬಿಸಿದ ಬಳ್ಳಿ, ದಪ್ಪ ಎಲೆ, ಕೆಂಪು ದಂಟು.

"ಅಪ್ಪಾ, ಬಸಳೆ!"

"ಈಗ ನಿನಗೆ ಊಟದ ಪದಾರ್ಥದ ಚಿಂತೆಯಾ?"

"ಅಲ್ಲಪ್ಪಾ, ಬಸಳೆ ಉಂಟಾದ್ರೆ ಅಲ್ಲಿ ನಮ್ಮೂರಿನವರೇ ಇರ್ಬೇಕಲ್ಲ?"

ಅಪ್ಪ ದಡಬಡನೆ ಎದ್ದರು. ಮರಳುಗಾಡಿಗೆ ಬಂದೂ ಬಸಳೆ ಚಪ್ಪರ ಕಟ್ಟುವವರು ನಮ್ಮ ಕರಾವಳಿಯವರಲ್ಲದೆ ಬೇರೆ ಯಾರು? ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆವು. ತುಂಬಾ ಹೊತ್ತಿನ ಮೇಲೆ ಒಬ್ಬ ವಯಸ್ಸಾದ ಹೆಂಗಸು ಒಂದಿಷ್ಟೇ ತೆರೆದರು. ನರ್ಸ್ ಆಂಟಿಯಲ್ಲ! ಅಪ್ಪನ ಮುಖ ಬಾಡಿತು. ಆದರೂ ತುಳುವಿನಲ್ಲಿ ವಿಚಾರಿಸಿದಾಗ ಆ ಹೆಂಗಸಿನ ಮುಖ ಅರಳಿತು.

"ಈ ಬಳ್ಳಿ ಕೊಟ್ಟದ್ದೇ ಆ ನರ್ಸಮ್ಮ! ಮಸೀದಿ ದಾಟಿ ಬಲಕ್ಕೆ ಹೋಗಿ. ಅಲ್ಲಿ ಇನ್ನೊಂದು ಬಸಳೆ ಕಾಣ್ತದೆ, ಅವರತ್ರ ಕೇಳಿ."

ಎರಡನೇ ಬಸಳೆಯ ಮನೆಯಲ್ಲಿ ಹೋಟೆಲ್ ಕೆಲಸದ ಅಣ್ಣನೊಬ್ಬನಿದ್ದ. ವಿಷಯ ಕೇಳಿದ್ದೇ, ಕೈಯ ಹಿಟ್ಟನ್ನೂ ತೊಳೆಯದೆ ನಮ್ಮ ಮುಂದೆ ಓಡಿದ. ಮೂರನೇ ಕಟ್ಟಡದ ಕೆಳಗೆ ಬಸ್ ಹಾರ್ನ್ ಬಾರಿಸುತ್ತಿತ್ತು. ನರ್ಸ್ ಆಂಟಿ ಪೆಟ್ಟಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ದೇವರೇ! ಎಷ್ಟು ಕಾದದ್ದು ಮಾರ್ರೆ!" ಎಂದವರೇ ಎರಡು ಬಾಟ್ಲಿಯನ್ನು ಫ್ಲಾಸ್ಕಿನೊಳಗಿಟ್ಟರು. ಅಪ್ಪ ಫ್ಲಾಸ್ಕನ್ನು ಎದೆಗವಚಿಕೊಂಡು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾವೂ ಬಸ್ ಹಿಡಿದು ಗಡಿ ದಾಟಿ, ವಿಮಾನ ಹತ್ತಿ ಊರು ಸೇರುವವರೆಗೆ ಆ ಮದ್ದು ಸಾಕಾಯಿತು. ಮರುವರ್ಷ ಯುದ್ಧ ಮುಗಿದ ಮೇಲೆ ಕುವೈತಿಗೆ ಮರಳಿ ಹೋದಾಗ ಎಣ್ಣೆಬಾವಿಗಳ ಹೊಗೆಯಿಂದ ಮಧ್ಯಾಹ್ನವೂ ಕತ್ತಲಾಗಿತ್ತು. ಬೀದಿಗಳಿಗೆ ಬೋರ್ಡು ಮಾತ್ರ ಮತ್ತೆ ಬಂದಿತ್ತು.

ನಿಮಗೆ ಈಗ ಫೋನೇ ದಾರಿ ಹೇಳುತ್ತದೆ. ದಾರಿ ತಪ್ಪುವುದಿಲ್ಲ, ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಒಳ್ಳೆಯದೇ, ನಾನು ಬೇಡ ಎನ್ನುವುದಿಲ್ಲ. ಆದರೆ ಜೀವಭಯದಿಂದ ಚಿಲಕ ಹಾಕಿ ಕುಳಿತಿದ್ದ ಊರಿನಲ್ಲಿ ಅಂದು ನಮಗಾಗಿ ಮೂರು ಬಾಗಿಲು ತೆರೆದವು. ಹಾಗಾಗಿಯೇ ಮೊನ್ನೆ ಭಾನುವಾರ ನಿಮ್ಮ ದೊಡ್ಡಜ್ಜಿ ವಿಡಿಯೋ ಕಾಲಿನಲ್ಲಿ "ಎಂತ ಮಕ್ಕಳೇ, ಊಟ ಆಯ್ತಾ?" ಎಂದು ಕೇಳಲು ಸಾಧ್ಯವಾದದ್ದು. ಅವಳೇ ನನ್ನ ಆ ಅಕ್ಕ. ನೀವು "ಯಾ, ಫೈನ್" ಎಂದು ಫೋನನ್ನು ನನ್ನ ಕೈಗೆ ತುರುಕಿ ಓಡಿದಿರಿ. ಮುಂದಿನ ಸಲ ಅವಳ ಹತ್ತಿರ ಸ್ವಲ್ಪ ಹೊತ್ತು ಕೂತು ಮಾತಾಡಿ, ಆಯ್ತಾ?