ಆರತಿ ಹೊತ್ತು ನಡುಗಿದ ಮಂಗಳವಾರ

ಕೊಟ್ಟಿಗೆ ಬಾಚುವುದು, ಹಾಲು ಕರೆದು ಡೇರಿಗೆ ಹಾಕುವುದು, ಮುದ್ದೆ ತೊಳಸುವುದು, ಹಾಸಿಗೆ ಹಿಡಿದ ಮಾವನವರನ್ನು ಮಗ್ಗುಲಾಗಿಸುವುದು. ಇದನ್ನೆಲ್ಲ ನಮ್ಮ ಕಡೆ ಯಾವ ಹೆಂಗಸು ಮಾಡುವುದಿಲ್ಲ? ಹಾಗಂತಲೇ ಸುಮ್ಮನಿದ್ದೆ. ಆದರೆ ಆ ವರ್ಷ ಮಲಗಿ ಎದ್ದರೂ ದಣಿವು ಹೋಗುತ್ತಿರಲಿಲ್ಲ. ಎಸರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಗಳು ಪಕ್ಕದಲ್ಲೇ ಕೂತು ಮಾತಾಡಿದರೂ ಆಚೆ ಹೊಲದಿಂದ ಕೂಗಿದಂತೆ ಕೇಳುತ್ತಿತ್ತು. ಪಾತ್ರೆ ತಿಕ್ಕುವಾಗ ಕಾರಣವಿಲ್ಲದೆ ಅಳು ಬರುತ್ತಿತ್ತು. ತಲೆ ಕೆಡುತ್ತಿದೆಯೇನೋ ಎಂಬ ಭಯ ಕಾಡುತ್ತಿತ್ತು. ದೇವರಿಗಲ್ಲದೆ ಬೇರೆ ಯಾರಿಗೂ ಹೇಳಲಿಲ್ಲ. ಇವತ್ತು ಹಸು ಒದೆಯಲಿಲ್ಲ, ಮಾವ ಎರಡು ತುತ್ತು ಹೆಚ್ಚು ಉಂಡರು ಎಂದು ನೆನೆದು ಕೈಮುಗಿದು ಮಲಗುತ್ತಿದ್ದೆ.

ಒಂದು ಮಂಗಳವಾರ ಊರಮ್ಮನಿಗೆ ತಂಬಿಟ್ಟಿನ ಆರತಿ ಬಂತು. ಮನೆಗೊಬ್ಬ ಹೆಂಗಸು ಉಪವಾಸವಿದ್ದು, ತಂಬಿಟ್ಟಿನ ಮೇಲೆ ದೀಪ ಹಚ್ಚಿದ ತಟ್ಟೆಯನ್ನು ತಲೆ ಮೇಲೆ ಹೊತ್ತು ಗುಡಿ ಸುತ್ತಬೇಕು. ನಮ್ಮ ಮನೆಯಿಂದ ನಾನೇ.

ಗುಡಿಯ ಮುಂದೆ ತಮಟೆ ಜೋರಾಯಿತು. ನನ್ನ ಮೊಣಕಾಲು ನಡುಗಿತು, ಆಮೇಲೆ ಕೈ, ಆಮೇಲೆ ಮೈಯೆಲ್ಲ. ಕಣ್ಣಲ್ಲಿ ನೀರು ಸುರಿಯತೊಡಗಿತು. ಅತ್ತೆ ಹಿಂದಿನಿಂದ ತಟ್ಟೆ ಹಿಡಿದುಕೊಂಡರು.

"ಅಮ್ಮ ಮೈಮೇಲೆ ಬಂದವ್ಳೆ ಕಣ್ರೋ" ಎಂದರು ಯಾರೋ.

ಕಾಲಿಗೆ ನೀರು ಬಿತ್ತು, ಹಣೆಗೆ ಅರಿಸಿನ ಬಿತ್ತು.

"ತಾಯಿ, ನನ್ ಮಗ್ಳಿಗೆ ಯಾವಾಗ ಗಂಡು ಸಿಕ್ತದೆ, ಯೋಳವ್ವ" ಎಂದಳು ಪಕ್ಕದ ಮನೆಯವಳು.

"ತಡಿಯಮ್ಮಿ, ನಾ ಬೋರ್‌ವೆಲ್ ಇಚಾರ ಕೇಳ್ಬೇಕು" ಎಂದ ಅವಳ ಮೈದುನ.

"ನಿನ್ ಬೋರು ಎಲ್ಲೋಯ್ತದೆ, ಸುಮ್ಕಿರು."

ನನ್ನ ಮೇಲೆ ಯಾರೂ ಬಂದಿರಲಿಲ್ಲ. ಅಮ್ಮನ ಹೆಸರಿನಲ್ಲಿ ಸುಳ್ಳಾಡಿದರೆ ಅವಳು ಬಿಟ್ಟಾಳೆಯೇ? ಅಲ್ಲ ಎಂದರೆ ಊರು ನನ್ನನ್ನು ಹುಚ್ಚಿ ಎಂದೀತು. ಸುಮ್ಮನಿದ್ದರೆ ಇನ್ನು ವಾರವಾರ ಇವರ ಮುಂದೆ ಕೂತು ನಡುಗಬೇಕಾದೀತು.

ಆಗ ನನ್ನ ಗಂಡ ಮುಂದೆ ಬಂದು ಕೈಮುಗಿದರು. "ನಿಂಗೇನ್ ಬೇಕು ತಾಯಿ? ಕೇಳು, ನಡೆಸ್ಕೊಡ್ತೀವಿ."

ಮದುವೆಯಾಗಿ ಬಂದಾಗಿನಿಂದ ಆ ಮಾತನ್ನು ಅವರು ನನ್ನನ್ನು ಕೇಳಿರಲಿಲ್ಲ.

"ನಾ ಮನಿಕಬೇಕು, ನಿದ್ದೆ ಮಾಡ್ಬೇಕು" ಎಂದೆ.

ತಮಟೆ ನಿಂತಿತು. "ಅಮ್ಮ ತೊಟ್ಲು ಕೇಳ್ತಾವ್ಳೆ, ಗುಡಿಗೆ ತೊಟ್ಲು ಕಟ್ಸಿ" ಎಂದರು ಪೂಜಾರಿ.

"ಅಮ್ಮ ಅಲ್ಲ, ನಾನು ಕಣ್ರೀ" ಎಂದು ಗಂಡನ ಮುಖ ನೋಡಿದೆ. "ನನ್ ಕೈಲಿ ಆಯ್ತಾ ಇಲ್ಲ."

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಅತ್ತೆಗೆ. ತಟ್ಟೆಯನ್ನು ನನ್ನ ತಲೆಯಿಂದ ತೆಗೆದು ತಮ್ಮ ತಲೆ ಮೇಲಿಟ್ಟುಕೊಂಡರು. "ದಾರಿ ಬುಡ್ರವ್ವ. ನಮ್ ಉಡ್ಗಿಗೆ ಉಸಾರಿಲ್ಲ. ಆರತಿ ನಾ ಒತ್ಕತೀನಿ." ದೀಪ ಆರಿರಲಿಲ್ಲ.

ಮರುದಿನ ಅತ್ತೆ ನನ್ನನ್ನು ಗಂಡನ ಜೊತೆ ಪಾಂಡವಪುರದ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ಡಾಕ್ಟರಮ್ಮ ಬಹಳ ಹೊತ್ತು ಕೇಳಿಸಿಕೊಂಡರು. ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ, ಬಹಳ ದಿನದಿಂದ ಮನಸ್ಸು ದಣಿದಿದೆ ಎಂದರು. ಮಾತ್ರೆ ಬರೆದುಕೊಟ್ಟು, ಗಂಡನ ಕಡೆ ತಿರುಗಿ, ಬರೀ ಮಾತ್ರೆಯಿಂದ ಆಗುವುದಿಲ್ಲ, ಮನೆಯ ಕೆಲಸ ಹಂಚಿಕೊಳ್ಳಿ ಎಂದರು. ಈಗ ಬೆಳಿಗ್ಗೆ ಮಾವನವರನ್ನು ಮಗ್ಗುಲಾಗಿಸುವುದು ಅವರ ಮಗನೇ. "ಮೆಲ್ಲಗೆ ಕಣ್ಲಾ, ನಾನೇನ್ ರಾಗಿ ಮೂಟೆಯಾ" ಎಂದು ಮಾವ ಬೈಯುವುದು ಅಡುಗೆಮನೆಗೆ ಕೇಳುತ್ತದೆ.

ಮುಂದಿನ ಮಂಗಳವಾರ ಮಧ್ಯಾಹ್ನ ಪಕ್ಕದ ಮನೆಯವಳು ನಿಂಬೆಹಣ್ಣು, ಎಲೆ ಅಡಿಕೆ ಹಿಡಿದು ಬಂದಳು. ಮಗಳ ವಿಷಯ ಕೇಳುವುದು ಬಾಕಿ ಇತ್ತಲ್ಲ.

"ನನ್ ಸೊಸೆ ಮನ್ಗವ್ಳೆ, ಎಬ್ಬುಸಾಕಿಲ್ಲ" ಎಂದರು ಅತ್ತೆ.

"ಇಷ್ಟೊತ್ನಲ್ಲಿ ಮನಿಕಂಡ್ರೆ ಮನೆಗೆ ಲಕ್ಷ್ಮಿ ಬತ್ತಾಳಾ?"

"ಬಂದ್ರೆ ನಾ ಕೂರುಸ್ಕತೀನಿ, ನೀ ನಡಿ."

ಒಳಗೆ ನನಗೆ ನಿದ್ದೆ ಹತ್ತಿರಲಿಲ್ಲ. ಇವಳು ನಾಳೆ ಮತ್ತೆ ಬಂದರೆ, ಊರೇ ಬಂದರೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಆಚೆ ಅತ್ತೆ ಬಾಗಿಲು ಹಾಕಿ ಚಿಲಕ ಎಳೆದ ಸದ್ದಾಯಿತು. ಮಲಗಿದ್ದಲ್ಲೇ ಅದಕ್ಕೂ ಕೈಮುಗಿದೆ.